ಆಕಳಿಸುವ ಸಿಂಹ, ಅಡ್ಡ ಬರುವ ತಂತಿ

ಟಿಕೆಟ್ ಕೌಂಟರಿನಲ್ಲಿ ಮನುಷ್ಯನಿಗೊಂದು ದರ, ಕ್ಯಾಮೆರಾಕ್ಕೊಂದು ದರ, ಮೊಬೈಲಿಗೆ ದುಡ್ಡಿಲ್ಲ. ಹೆಗಲ ಮೇಲಿದ್ದ ನನ್ನ ಹಳೆಯ ಡಿಎಸ್‌ಎಲ್‌ಆರ್ ಕಂಡು ಒಳಗಿದ್ದವರು, "ವಿಡಿಯೊನೂ ಮಾಡ್ತೀರಾ ಸಾರ್?" ಎಂದು ಕೇಳಿದರು. ವಿಡಿಯೊಗೆ ದರ ಇನ್ನೂ ಜಾಸ್ತಿ. ಇಲ್ಲ, ಬರೀ ಫೋಟೊ ಎಂದು ಚೀಟಿ ತೆಗೆದುಕೊಂಡೆ. ಪಕ್ಕದ ಸಾಲಿನ ಹುಡುಗನ ಕೈಯಲ್ಲಿದ್ದ ಫೋನು ನನ್ನ ಕ್ಯಾಮೆರಾಕ್ಕಿಂತ ದುಬಾರಿಯದು, ಅದರಲ್ಲಿ ವಿಡಿಯೊ ನನ್ನದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಅವನು ಏನೂ ಕೊಡದೆ ಒಳಗೆ ನಡೆದ. ಈ ನಿಯಮ ಮಾಡಿದ ಕಾಲಕ್ಕೆ ಸರಿಯಾಗಿತ್ತೇನೋ.

ಗೇಟಿನಲ್ಲಿ ಚೀಲದ ತಪಾಸಣೆ. ಬಿಸ್ಕತ್ತು, ಚಿಪ್ಸುಗಳನ್ನು ಪ್ಲಾಸ್ಟಿಕ್ ಪೊಟ್ಟಣದಿಂದ ಕಾಗದದ ಚೀಲಕ್ಕೆ ಸುರಿದುಕೊಡುತ್ತಾರೆ, ನೀರಿನ ಬಾಟಲಿಗೆ ಸ್ಟಿಕ್ಕರ್ ಅಂಟಿಸಿ ಠೇವಣಿ ಹಿಡಿದುಕೊಳ್ಳುತ್ತಾರೆ. ಟ್ರೈಪಾಡ್ ಇದ್ದರೆ ಇಲ್ಲೇ ಬಿಟ್ಟು ಹೋಗಬೇಕು. ನನ್ನ ಹತ್ತಿರ ಇದ್ದದ್ದು ಕ್ಯಾಮೆರಾ, 70ರಿಂದ 300 ಮಿ.ಮೀ.ವರೆಗೆ ಎಳೆಯಬಹುದಾದ ಒಂದೇ ಒಂದು ಲೆನ್ಸು, ಒರೆಸುವ ಬಟ್ಟೆ. ಊರಿನ ಹೆಸರು ಇಲ್ಲಿ ಬರೆಯುತ್ತಿಲ್ಲ. ಕರ್ನಾಟಕದ ಮೃಗಾಲಯಗಳನ್ನು ಸುತ್ತಿದವರಿಗೆ ಇದರ ಬಹುಭಾಗ ಪರಿಚಿತವೇ.

ಬಂದದ್ದು ಬೆಕ್ಕಿನ ಜಾತಿಯ ದೊಡ್ಡ ಪ್ರಾಣಿಗಳಿಗಾಗಿ. ಕಬಿನಿಯಲ್ಲೋ ಬಂಡೀಪುರದಲ್ಲೋ ಸಫಾರಿ ಜೀಪು ನಿಂತು, ಲಂಟಾನ ಪೊದೆಯ ಆಚೆ ಒಂದು ಬಾಲ ಆಡಿದ್ದು ಕಂಡು, "ಹುಲಿ, ಹುಲಿ" ಎಂದು ಎಲ್ಲರೂ ಏಳುವಷ್ಟರಲ್ಲಿ ದರ್ಶನ ಮುಗಿದಿರುತ್ತದೆ. ಇಲ್ಲಿ ಹುಲಿ ಎಲ್ಲಿಗೂ ಹೋಗುವುದಿಲ್ಲ. ಫೋಟೊ ತೆಗೆಯುವವನಿಗೆ ಇಲ್ಲಿನ ಅನುಕೂಲವೂ ಅದೇ, ಇರಿಸುಮುರಿಸೂ ಅದೇ.

ನೆಲದ ಮೇಲೆ ಬರೆದ ಬಾಣದ ಗುರುತು ಹಿಡಿದು ಹೊರಟೆ. ಮೊದಲು ಪಕ್ಷಿಗಳು, ಆಮೇಲೆ ಕೋತಿಗಳು, ಜಿರಾಫೆಯ ಮುಂದೆ ಶಾಲೆಯ ಮಕ್ಕಳ ಎರಡು ಸಾಲು. ಇವನ್ನೆಲ್ಲ ದಾಟಿದ ಮೇಲೆ ದಾರಿ ಬಿದಿರು ಮೆಳೆಯ ಪಕ್ಕದಲ್ಲಿ ಬಾಗುತ್ತದೆ. ಅಲ್ಲಿ ವಾಸನೆ ಬದಲಾಗುತ್ತದೆ. ಫಲಕ ಓದುವ ಮುಂಚೆಯೇ ಮೂಗಿಗೆ ಗೊತ್ತಾಗುವ, ಘಾಟು ಉಚ್ಚೆಯ ವಾಸನೆ ಅದು. ಗಂಡುಗಳು ಬಾಲ ಎತ್ತಿ ಗಿಡಕ್ಕೆ, ಗೋಡೆಗೆ ಪಿಚಕಾರಿ ಹೊಡೆದು ಗಡಿ ಗುರುತಿಸುತ್ತವೆ. ಆವರಣ ಎಷ್ಟೇ ಚಿಕ್ಕದಿರಲಿ, ಗಡಿ ಗಡಿಯೇ.

ಚಿರತೆಗಳ ಸಾಲು ಮೊದಲು. ನಮ್ಮ ಮೃಗಾಲಯಗಳಲ್ಲಿ ಚಿರತೆಗೆ ಬರವಿಲ್ಲ. ಕಬ್ಬಿನ ಗದ್ದೆ ಕಡಿಯುವಾಗ ಸಿಕ್ಕಿದ ಮರಿಗಳು, ಬಾವಿಗೆ ಬಿದ್ದವು, ಹಂದಿಗೆ ಇಟ್ಟ ಉರುಳಿನಲ್ಲಿ ಕಾಲು ಕಳೆದುಕೊಂಡವು, ಊರ ನಾಯಿ ಹಿಡಿಯಲು ಬಂದು ಬೋನಿಗೆ ಬಿದ್ದವು, ಹೀಗೆ ಒಂದೊಂದು ದಾರಿಯಲ್ಲಿ ಬಂದು ಸೇರಿದವು. ಹುಟ್ಟಿದ್ದೇ ಇಲ್ಲಿ ಎನ್ನುವುವೂ ಇವೆ. ಯಾವುದು ಯಾವುದೆಂದು ಫಲಕ ಹೇಳುವುದಿಲ್ಲ. ಪ್ರಾಣಿಯ ಹೆಸರು, ವೈಜ್ಞಾನಿಕ ಹೆಸರು, ಆಹಾರ, ಆಯಸ್ಸು, ಅದರ ಕೆಳಗೆ ಈ ವರ್ಷ ದತ್ತು ತೆಗೆದುಕೊಂಡವರ ಹೆಸರು. ದತ್ತು ಎಂದರೆ ಮನೆಗೆ ಒಯ್ಯುವುದಲ್ಲ, ಊಟದ ಖರ್ಚಿಗೆ ದುಡ್ಡು ಕೊಡುವುದು.

ಇಲ್ಲಿ ಕಂದಕವಿಲ್ಲ. ಚಿರತೆ ಮರ ಹತ್ತುತ್ತದೆ, ಎತ್ತರಕ್ಕೆ ಜಿಗಿಯುತ್ತದೆ, ಹಾಗಾಗಿ ಮೇಲೂ ಜಾಲರಿ, ಸುತ್ತಲೂ ಜಾಲರಿ. ಫೋಟೊಗ್ರಫಿಯ ಪಾಠಗಳೆಲ್ಲ ಲೆನ್ಸನ್ನು ಜಾಲರಿಗೆ ಒತ್ತಿ ಹಿಡಿಯಿರಿ ಎನ್ನುತ್ತವೆ. ಇಲ್ಲಿ ಜಾಲರಿಗೂ ನನಗೂ ನಡುವೆ ಒಂದು ರೇಲಿಂಗು, ಆಮೇಲೆ ಗಿಡ ನೆಟ್ಟ ಪಟ್ಟಿ. ಕೈ ಚಾಚಿದರೂ ತಂತಿ ಸಿಗದು. ಅದು ಹಾಗೇ ಇರಬೇಕು. ಚಿರತೆಯ ಪಂಜ ಜಾಲರಿಯ ಕಂಡಿಯಿಂದ ಹೊರಬರುವಷ್ಟು ಸಣ್ಣದು.

ದೂರ ನಿಂತೂ ತಂತಿ ಮಾಯವಾಗುತ್ತದೆ, ಅದಕ್ಕೊಂದು ಕಾರಣವಿದೆ. 300 ಮಿ.ಮೀ.ಗೆ ಎಳೆದು ಅಪರ್ಚರ್ 5.6ರಲ್ಲಿ ಇಟ್ಟರೆ ನನ್ನ ಲೆನ್ಸಿನ ಕಣ್ಣು ಐದು ಸೆಂಟಿಮೀಟರಿಗಿಂತ ತುಸು ಅಗಲ ತೆರೆದಿರುತ್ತದೆ. ತಂತಿ ನಾಲ್ಕೈದು ಮಿಲಿಮೀಟರ್ ದಪ್ಪ. ತಂತಿ ಆ ಕಣ್ಣಿನ ಒಂದು ಚೂರನ್ನು ಮುಚ್ಚಿದರೂ ಉಳಿದ ಅಗಲದಿಂದ ಚಿರತೆಯ ಬೆಳಕು ಒಳಗೆ ಬಂದೇ ಬರುತ್ತದೆ; ತಂತಿ ಕರಗಿ ಒಂದು ತೆಳು ಮಂಜಾಗುತ್ತದೆ, ಅಷ್ಟೆ. ಇದಕ್ಕೆ ಚಿರತೆ ಜಾಲರಿಯಿಂದ ಹಿಂದೆ ದೂರದಲ್ಲಿರಬೇಕು, ನನ್ನೆದುರಿನ ಜಾಲರಿಯ ಮೇಲೆ ಬಿಸಿಲು ಬಿದ್ದಿರಬಾರದು. ಬಿಸಿಲು ಬಿದ್ದ ತಂತಿ ಹೊಳೆದು ಇಡೀ ಚಿತ್ರವನ್ನು ಬೆಳ್ಳಗೆ ಮಾಡಿಬಿಡುತ್ತದೆ. ಮರದ ನೆರಳು ಬಿದ್ದ ಕಡೆ ಹುಡುಕಿಕೊಂಡು ನಿಂತೆ. ಮೊಬೈಲಿನ ಲೆನ್ಸಿನ ಕಣ್ಣು ತಂತಿಗಿಂತ ದೊಡ್ಡದೇನಲ್ಲ, ಅದರಲ್ಲಿ ಜಾಲರಿ ಕರಗುವುದಿಲ್ಲ. ನನ್ನ ಪಕ್ಕದಲ್ಲಿದ್ದವರೆಲ್ಲರ ಪರದೆಯ ಮೇಲೂ ತಂತಿ ಗೆರೆ ಹೊಡೆದ ಹಾಗೆ ಸ್ಪಷ್ಟ, ಹಿಂದೆ ಹಳದಿ ಮಸುಕು.

ನನ್ನ ಆಟೊಫೋಕಸ್ ಕೂಡ ಮೊದಲು ತಂತಿಯನ್ನೇ ಕಚ್ಚಿಕೊಂಡಿತು. ಅದನ್ನು ಆರಿಸಿ ಕೈಯಲ್ಲಿ ಉಂಗುರ ತಿರುಗಿಸುತ್ತ ಕೂತೆ. ಹಲಗೆಯ ಅಟ್ಟದ ಮೇಲೆ ಮಲಗಿದ್ದ ಚಿರತೆ ಒಂದು ಸಲ ತಲೆಯೆತ್ತಿ, ಕಣ್ಣು ಮುಚ್ಚಿ, ಬಾಯಿ ಪೂರ್ತಿ ತೆರೆದು ಆಕಳಿಸಿತು. ಆ ಹೊತ್ತಿಗೆ ಬಟನ್ ಒತ್ತಿದ್ದೆ.

ಪರದೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಕಂಡದ್ದು ಬರಿಗಣ್ಣಿಗೆ ಕಂಡಿರಲಿಲ್ಲ. ಮೇಲಿನ ಕೋರೆಹಲ್ಲುಗಳಲ್ಲಿ ಒಂದು ಅರ್ಧಕ್ಕೆ ಮುರಿದಿತ್ತು. ಮುರಿದ ತುದಿ ಸವೆದು ಕಂದು ಬಣ್ಣಕ್ಕೆ ತಿರುಗಿ, ನಡುವೆ ಒಂದು ಕಪ್ಪು ಚುಕ್ಕಿ. ಪಕ್ಕದ ಹಲ್ಲು ಪೂರ್ತಿ ಇದೆ, ಉದ್ದಕ್ಕೆ ಅದರ ಮೇಲೆ ಸಣ್ಣ ಗೀರು. ನಾಲಗೆಯ ಮುಳ್ಳುಗಳೂ ಎಣಿಸುವಷ್ಟು ಕಾಣುತ್ತಿದ್ದವು. ಬಕೆಟ್ಟು ಹಿಡಿದು ಬಂದ ಪ್ರಾಣಿಪಾಲಕರಿಗೆ ತೋರಿಸಿದೆ. ಖಾಕಿ ಅಂಗಿ, ಕಾಲಿಗೆ ಗಮ್‌ಬೂಟು, ಐವತ್ತರ ಆಸುಪಾಸಿನವರು.

"ಬೋನಲ್ಲಿ ಕಂಬಿ ಕಚ್ಚಾಡ್ತವೆ ಸಾರ್. ಕಬ್ಬಿಣ ಅಲ್ವಾ, ಹಲ್ಲೇ ಹೋಗೋದು."

"ಇದರದ್ದೂ ಹಾಗೇ ಮುರಿದದ್ದಾ?"

"ಇರಬೋದು. ನಾನು ಈ ಸೆಕ್ಷನ್‌ಗೆ ಬರೋಕ್ ಮುಂಚೇನೇ ಇದು ಇಲ್ಲಿತ್ತು. ನೋಡಿಲ್ದೇ ಹೇಳ್ಬಾರ್ದು."

ಅವರು ಹೇಳದ್ದನ್ನು ನಾನೂ ಹೇಳಲಾರೆ. ಹಳ್ಳಿಯೊಂದರ ಬೋನೇ ಇರಬಹುದು, ಮೂಳೆ ಕಡಿಯುವಾಗಲೇ ಮುರಿದಿರಬಹುದು. ಕೋರೆಹಲ್ಲಿಲ್ಲದ ಚಿರತೆ ಬೇಟೆಯ ಗಂಟಲು ಹಿಡಿಯಲಾರದು, ಅಂಥದ್ದನ್ನು ಕಾಡಿಗೆ ಬಿಟ್ಟರೆ ಮತ್ತೆ ಊರಿನ ಕರು, ನಾಯಿಗೇ ಬರುತ್ತದೆ ಎಂದು ಇಟ್ಟುಕೊಳ್ಳುತ್ತಾರೆ. ಇಷ್ಟು ಹೊತ್ತು ನಾನು ಜಾಲರಿ ಕಾಣದ ಹಾಗೆ ಹರಸಾಹಸ ಮಾಡುತ್ತಿದ್ದೆ. ಈಗ ನೋಡಿದರೆ ಜಾಲರಿಯ ಗುರುತು ಚಿರತೆಯ ಬಾಯೊಳಗೇ ಇದ್ದೀತು.

ಸಾಲಿನ ಕೊನೆಯ ಆವರಣ ಕರಿಚಿರತೆಯದು. ಜನ ಇಲ್ಲಿ ಗುಂಪುಗೂಡಿದ್ದರು. ಕಬಿನಿಯ ಕರಿಚಿರತೆಯ ಫೋಟೊಗಳು ಎಲ್ಲರ ಮೊಬೈಲಿಗೂ ತಲುಪಿದ ಮೇಲೆ ಇದಕ್ಕೆ ಬೇಡಿಕೆ ಏರಿದೆ. ಬೇರೆ ಜಾತಿಯೇನಲ್ಲ, ಇದೂ ಚಿರತೆಯೇ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಕಪ್ಪಿನ ಗುಣ ಬಂದರೆ ಮರಿ ಕಪ್ಪಗೆ ಹುಟ್ಟುತ್ತದೆ. ಹಳದಿ ಜೋಡಿಗೂ ಕಪ್ಪು ಮರಿ ಹುಟ್ಟಬಹುದು. ಕ್ಯಾಮೆರಾಕ್ಕೆ ಇದು ತಲೆನೋವು. ಮೀಟರು ಎದುರಿಗಿದ್ದದ್ದನ್ನೆಲ್ಲ ಬೂದು ಎಂದು ತಿಳಿದು ಅಳೆಯುತ್ತದೆ. ಕಪ್ಪು ಪ್ರಾಣಿ ಚೌಕಟ್ಟು ತುಂಬಿದರೆ ಬೆಳಕು ಸಾಲದೆಂದು ಹೆಚ್ಚಿಸಿ, ಕರಿಚಿರತೆಯನ್ನು ಬೂದಿ ಬಣ್ಣ ಮಾಡಿಕೊಡುತ್ತದೆ. ಎಕ್ಸ್‌ಪೋಷರನ್ನು ಒಂದು ಹೆಜ್ಜೆ ಇಳಿಸಿದೆ. ಅದು ಎದ್ದು ಬಿಸಿಲು ಓರೆಯಾಗಿ ಬೀಳುವ ಕಡೆ ನಡೆದಾಗ ಪಕ್ಕೆಯ ಮೇಲೆ ಚುಕ್ಕೆಗಳು ಎದ್ದವು. ಕಪ್ಪಿನೊಳಗೆ ಇನ್ನೂ ಕಪ್ಪು, ಚಿರತೆಯ ಅದೇ ಹೂವಿನಾಕಾರದ ಮಚ್ಚೆಗಳು. ನೆರಳಿಗೆ ಹೋದ ತಕ್ಷಣ ಅಳಿಸಿಹೋದವು. ಮತ್ತೆ ಬಿಸಿಲಿಗೆ ಬರುತ್ತದೆಂದು ಕಾದೆ, ಬರಲಿಲ್ಲ.

ಮುಂದೆ ಗಾಜಿನ ಗೋಡೆ, ಒಳಗೆ ಜಾಗ್ವಾರ್. ದಕ್ಷಿಣ ಅಮೆರಿಕದ ಪ್ರಾಣಿ. ಬಂದವರಲ್ಲಿ ಹೆಚ್ಚಿನವರು "ಇಲ್ನೋಡು, ಇನ್ನೊಂದು ಚಿರತೆ" ಎಂದು ಮುಂದೆ ಸಾಗುತ್ತಾರೆ. ನಿಂತು ನೋಡಿದರೆ ತಲೆ ದಪ್ಪ, ಕಾಲು ಗಿಡ್ಡ, ಬಾಲ ಚಿಕ್ಕದು. ಮಚ್ಚೆಯ ಉಂಗುರದೊಳಗೆ ಮತ್ತೆ ಚುಕ್ಕಿಗಳಿವೆ, ಚಿರತೆಯ ಉಂಗುರದೊಳಗೆ ಅವಿರುವುದಿಲ್ಲ. ಆಮೆಯ ಚಿಪ್ಪನ್ನು, ಮೊಸಳೆಯ ತಲೆಬುರುಡೆಯನ್ನು ಕಚ್ಚಿ ತೂತು ಮಾಡುವ ದವಡೆ ಇದರದ್ದು.

ಗಾಜು ಜಾಲರಿಗಿಂತ ಸುಲಭ ಎಂದುಕೊಂಡು ಬರುವವರೇ ಹೆಚ್ಚು. ಹಾಗೇನಿಲ್ಲ. ಸೊಂಟದ ಎತ್ತರದಲ್ಲಿ ಮಕ್ಕಳ ಅಂಗೈ ಗುರುತು, ಅದರ ಮೇಲೆ ಐಸ್‌ಕ್ರೀಮಿನ ಒರೆತ, ದೊಡ್ಡವರ ಮುಖದ ಎತ್ತರಕ್ಕೆ ಹಣೆಯ ಎಣ್ಣೆಯ ಗೋಲಗಳು. ಸ್ವಚ್ಛ ಗಾಜು ಇರುವುದು ಮೊಣಕಾಲಿನ ಮಟ್ಟದಲ್ಲಿ ಮಾತ್ರ. ಅಲ್ಲೇ ಕೂತು ಲೆನ್ಸಿನ ರಬ್ಬರ್ ಹುಡ್ಡನ್ನು ಗಾಜಿಗೆ ಒತ್ತಿದೆ. ಹೊರಗಿನ ಬೆಳಕಿನ ಪ್ರತಿಬಿಂಬ ಹೋಯಿತು. ಓರೆಯಾಗಿ ಹಿಡಿದರೆ ದಪ್ಪ ಗಾಜಿನಲ್ಲಿ ಚಿತ್ರ ಜೋಡಿಯಾಗಿ ಕದಡುತ್ತದೆ, ನೇರ ಹಿಡಿಯಬೇಕು. ಕೆಳಗೆ ಕೂತಿದ್ದರಿಂದ ಇನ್ನೊಂದು ಲಾಭವಾಯಿತು. ಪ್ರಾಣಿಯ ಕಣ್ಣಿನ ಮಟ್ಟಕ್ಕೆ ಬಂದಿದ್ದೆ. ನಿಂತು ತೆಗೆದದ್ದರಲ್ಲಿ ಅದು ನೆಲಕ್ಕೆ ಅಂಟಿದ ಹಾಗೆ ಕಾಣುತ್ತಿತ್ತು, ಕೂತು ತೆಗೆದದ್ದರಲ್ಲಿ ಎದುರಿಗೆ ಬಂದು ನಿಂತ ಹಾಗಿದೆ.

ಹಿಂದಿನಿಂದ ಯಾರೋ ಗಾಜಿಗೆ ಉಂಗುರದ ಕೈಯಿಂದ ಟಕಟಕ ಬಡಿದರು. ಜಾಗ್ವಾರ್ ಕಿವಿಯನ್ನೂ ಆಡಿಸಲಿಲ್ಲ, ಅಭ್ಯಾಸವಾಗಿಹೋಗಿದೆಯೇನೋ. ಮೃಗಾಲಯದ ಪ್ರಾಣಿಯನ್ನು ಕೆಣಕುವುದು, ಅದಕ್ಕೆ ತಿನ್ನಲು ಎಸೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲೇ ಗೋಡೆಯ ಮೇಲೆ ಬರೆದಿತ್ತು. ಬಡಿದವರ ಬೆನ್ನು ಆ ಬರಹಕ್ಕೇ ಆನಿಕೊಂಡಿತ್ತು.

ಸಿಂಹದ ಆವರಣಕ್ಕೆ ಬಂದಾಗ ಹನ್ನೊಂದು ದಾಟಿತ್ತು. ಇಲ್ಲಿ ಜಾಲರಿಯೂ ಇಲ್ಲ, ಗಾಜೂ ಇಲ್ಲ. ನಾವು ನಿಲ್ಲುವಲ್ಲಿ ಎದೆಮಟ್ಟದ ಗೋಡೆ, ಆಚೆ ಆಳದ ಕಂದಕ, ಕಂದಕದ ಆಚೆ ಹುಲ್ಲು, ಬಂಡೆ, ಒಂದು ಆಲದ ಮರ. ಈ ಏರ್ಪಾಟು ಜರ್ಮನಿಯ ಹ್ಯಾಂಬರ್ಗಿನ ಹತ್ತಿರ 1907ರಲ್ಲಿ ತೆರೆದ ಖಾಸಗಿ ಮೃಗಾಲಯವೊಂದರಿಂದ ಹಬ್ಬಿದ್ದು. ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಹಾರಬಲ್ಲದೆಂದು ಅಳೆದು, ಅದಕ್ಕಿಂತ ಅಗಲದ ಗುಂಡಿ ತೋಡಿ, ನೋಡುವವರ ಕಣ್ಣಿಗೆ ಗುಂಡಿ ಬೀಳದ ಹಾಗೆ ಮಾಡಿದರು. ಬಂಧನವೇ ಇಲ್ಲವೆಂದು ಕಣ್ಣಿಗೆ ಅನ್ನಿಸಬೇಕು ಎನ್ನುವುದೇ ಅದರ ಉದ್ದೇಶ. ನೂರು ವರ್ಷ ದಾಟಿದರೂ ಉಪಾಯ ಹಳತಾಗಿಲ್ಲ, ಕ್ಯಾಮೆರಾದ ಕಣ್ಣಿಗಂತೂ ಪೂರಾ ಮೋಸ. ಆದರೆ ಗೋಡೆ ಹತ್ತಿ ಮಗುವನ್ನು ಕೂರಿಸಿ ಫೋಟೊ ತೆಗೆಯುವವರನ್ನು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. 2014ರಲ್ಲಿ ದೆಹಲಿಯಲ್ಲಿ ಬಿಳಿಹುಲಿಯ ಕಂದಕಕ್ಕೆ ಬಿದ್ದ ಯುವಕ ಸತ್ತುಹೋದ. ಮೇಲೆ ನಿಂತವರು ತೆಗೆದ ಮೊಬೈಲ್ ವಿಡಿಯೊ ದೇಶವೆಲ್ಲ ಸುತ್ತಿತು. ಕಾವಲಿನವನ ಸೀಟಿ ಇಲ್ಲಿ ಬಿಡುವಿಲ್ಲದೆ ಕೂಗುತ್ತಿತ್ತು.

ಗಂಡು ಸಿಂಹ ಊಟ ಮುಗಿಸಿ ಜಗುಲಿಯ ಮೇಲೆ ಅಡ್ಡಾದ ಯಜಮಾನನ ಹಾಗೆ ಬಂಡೆಯ ಮೇಲೆ ಬಿದ್ದುಕೊಂಡಿತ್ತು. ದಿನದ ಬಹುಪಾಲು ಹೀಗೇ ಕಳೆಯುವ ಪ್ರಾಣಿ ಅದು, ಕಾಡಿನಲ್ಲೂ. ಏಷ್ಯಾದ ಸಿಂಹ ಕಾಡಿನಲ್ಲಿ ಉಳಿದಿರುವುದು ಗುಜರಾತಿನ ಗಿರ್ ಮತ್ತು ಅದರ ಸುತ್ತಮುತ್ತ ಮಾತ್ರ. 2025ರ ಗಣತಿಯಲ್ಲಿ 891. ಆಫ್ರಿಕದ ಸಿಂಹಕ್ಕೂ ಇದಕ್ಕೂ ವ್ಯತ್ಯಾಸ ಹೊಟ್ಟೆಯಡಿಯಲ್ಲಿದೆ. ಏಷ್ಯಾದ್ದಕ್ಕೆ ಹೊಟ್ಟೆಯ ಉದ್ದಕ್ಕೂ ಚರ್ಮದ ಒಂದು ಮಡಿಕೆ ಜೋತಾಡುತ್ತದೆ, ನೆತ್ತಿಯ ಮೇಲೆ ಕೇಸರ ತೆಳ್ಳಗಿದ್ದು ಕಿವಿಗಳು ಕಾಣುತ್ತವೆ. ಹಿಂದೆ ಸರ್ಕಸ್ಸುಗಳಲ್ಲಿ, ಮೃಗಾಲಯಗಳಲ್ಲಿ ಎರಡೂ ಬೆರೆತು ಹುಟ್ಟಿದ ಮಿಶ್ರ ಸಿಂಹಗಳು ನಮ್ಮಲ್ಲಿ ಎಷ್ಟೋ ಇದ್ದವು. ಫಲಕದಲ್ಲಿ ಏಷ್ಯಾದ ಸಿಂಹ ಎಂದೇ ಇತ್ತು. ಹೊಟ್ಟೆಯ ಮಡಿಕೆ ಕಾಣಲಿ ಎಂದು ಅದು ಏಳುವುದನ್ನು ಕಾದೆ. ಹೆಣ್ಣು ಎದ್ದು ನಡೆದಾಗ ಮಡಿಕೆ ಸ್ಪಷ್ಟವಾಗಿ ಕಂಡಿತು, ತೆಗೆದೆ. ಗಂಡಿನದು ನೆರಳಿನಲ್ಲಿತ್ತು, ಇತ್ತೋ ಇಲ್ಲವೋ ಚಿತ್ರದಿಂದ ಹೇಳಲು ಬಾರದು.

ಇಲ್ಲಿ ಫೋಟೊಗಾಗಿ ನಿಂತಿದ್ದ ಇನ್ನಿಬ್ಬರು ಇದ್ದರು. ಒಬ್ಬರ ಲೆನ್ಸು ನನ್ನ ಮೊಳಕೈಯಿಂದ ಅಂಗೈಯವರೆಗೆ ಉದ್ದ. ಸಿಂಹ ಬಾಯಿ ತೆರೆದಾಗ ಮೂವರೂ ಒಟ್ಟಿಗೆ ಒತ್ತಿದೆವು. ಅವರ ಪರದೆಯಲ್ಲಿ ನೋಡಿದೆ. ಅದ್ಭುತ. ನಾಲ್ಕು ಕೋರೆಹಲ್ಲು, ಮಡಿಚಿದ ಮೂಗು, ಕೆದರಿದ ಕೇಸರ. "ಘರ್ಜನೆ ಸಿಕ್ತು ನೋಡಿ" ಎಂದರು ಖುಷಿಯಲ್ಲಿ. ಸದ್ದೇ ಬಂದಿರಲಿಲ್ಲ. ಅದು ಆಕಳಿಕೆ. ಫೇಸ್‌ಬುಕ್ಕಿನಲ್ಲಿ, ಕ್ಯಾಲೆಂಡರಿನಲ್ಲಿ ಗರ್ಜಿಸುವ ಸಿಂಹ ಎಂದು ಕಾಣುವ ಚಿತ್ರಗಳಲ್ಲಿ ಎಷ್ಟೋ ಇಂಥವೇ. ನಿಜಕ್ಕೂ ಗರ್ಜಿಸುವಾಗ ಸಿಂಹ ಕತ್ತು ಮುಂದೆ ಚಾಚಿ ತಲೆ ತಗ್ಗಿಸುತ್ತದೆ, ಬಾಯಿ ಅಷ್ಟು ತೆರೆಯುವುದಿಲ್ಲ, ಕಣ್ಣು ತೆರೆದಿರುತ್ತದೆ, ಪಕ್ಕೆಗಳು ತಿದಿಯೊತ್ತಿದಂತೆ ಏರಿಳಿಯುತ್ತವೆ. ಆಕಳಿಸುವಾಗ ಕಣ್ಣು ಮುಚ್ಚಿ, ನಾಲಗೆ ಹೊರಚಾಚಿ, ಹಲ್ಲೆಲ್ಲ ಬಯಲು. ಫೋಟೊಕ್ಕೆ ಚೆಂದ ಬರುವುದು ಎರಡನೆಯದು. ಗರ್ಜನೆಯ ಫೋಟೊ ನೋಡಿದರೆ ಸಿಂಹಕ್ಕೆ ಕೆಮ್ಮು ಬಂದಿದೆಯೇನೋ ಅನ್ನಿಸಬಹುದು. ಅವರಿಗೆ ಇದನ್ನು ಹೇಳಲು ಹೋಗಲಿಲ್ಲ. ಸಂತೋಷದಲ್ಲಿದ್ದರು.

ಹುಲಿಯದೂ ಇಂಥದ್ದೊಂದು ಭಂಗಿಯಿದೆ. ಇನ್ನೊಂದು ಪ್ರಾಣಿಯ ಉಚ್ಚೆ ಮೂಸಿದ ಮೇಲೆ ಮೂಗು ಸುಕ್ಕಿಸಿ, ಮೇಲ್ದುಟಿ ಎತ್ತಿ, ನಾಲಗೆ ಜೋಲು ಬಿಟ್ಟು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ. ಅಂಗುಳಿನಲ್ಲಿರುವ ವಾಸನೆಯ ಅಂಗಕ್ಕೆ ಗಾಳಿ ಒಯ್ಯುವ ಕ್ರಮ ಅದು. ಆ ಫೋಟೊಕ್ಕೂ ನಾವು ಕೊಡುವ ಹೆಸರು ಕೋಪ.

ಬಿಳಿಹುಲಿಯ ಮುಂದೆ ಜಾತ್ರೆ. ನನಗೆ ಈ ಪ್ರಾಣಿಯ ಮುಂದೆ ನಿಲ್ಲುವುದು ಅಷ್ಟು ಸೇರುವುದಿಲ್ಲ, ಅದರಲ್ಲಿ ಪ್ರಾಣಿಯ ತಪ್ಪೇನೂ ಇಲ್ಲ. 1951ರಲ್ಲಿ ರೀವಾದ ಕಾಡಿನಲ್ಲಿ ಹಿಡಿದ ಮೋಹನ್ ಎಂಬ ಗಂಡು ಮರಿಯ ವಂಶವೇ ಇಂದು ಜಗತ್ತಿನ ಮೃಗಾಲಯಗಳ ಬಹುತೇಕ ಬಿಳಿಹುಲಿಗಳ ಮೂಲ. ಬಿಳಿ ಬಣ್ಣ ತಪ್ಪಬಾರದೆಂದು ಅಪ್ಪ ಮಗಳನ್ನೇ ಕೂಡಿಸುತ್ತ ಬೆಳೆಸಿದ ಸಂತಾನ. ಮಾಲಗಣ್ಣು ಈ ಹುಲಿಗಳಲ್ಲಿ ಆಗಾಗ ಕಾಣುತ್ತದೆ. ಬಣ್ಣ ಕಡಿಮೆಯಾದಲ್ಲಿ ಕಣ್ಣಿನ ನರಗಳ ಹಾದಿಯೂ ತಪ್ಪುತ್ತದೆ. ಲೆನ್ಸು ಹತ್ತಿರ ಎಳೆದು ನೀಲಿ ಕಣ್ಣು ನೋಡಿದೆ. ಎಡಗಣ್ಣು ಮೂಗಿನ ಕಡೆ ತುಸು ತಿರುಗಿದ ಹಾಗೆ ಕಂಡಿತು. ಒಂದೇ ಚಿತ್ರದಲ್ಲಿ ಹಾಗಿದೆ, ಮಿಕ್ಕವುಗಳಲ್ಲಿ ಇಲ್ಲ. ನನ್ನ ಊಹೆಯೂ ಇರಬಹುದು. ಕಪ್ಪಿನ ಲೆಕ್ಕ ಇಲ್ಲಿ ತಿರುಗುಮುರುಗು: ನೆರಳಿನಲ್ಲಿ ಕ್ಯಾಮೆರಾ ಬಿಳಿಯನ್ನು ಬೂದು ಮಾಡುತ್ತದೆ, ಬೆಳಕು ಏರಿಸಬೇಕು. ನಡುಮಧ್ಯಾಹ್ನದ ಬಿಸಿಲಿಗೆ ಬಂತೆಂದರೆ ಬೆನ್ನು ಸುಣ್ಣ ಬಳಿದ ಗೋಡೆ, ಒಂದು ಕೂದಲೂ ಉಳಿಯದು. ಹೆಚ್ಚು ಹೊತ್ತು ಅಲ್ಲಿರಲಿಲ್ಲ.

ಕ್ಯಾಂಟೀನಿನಲ್ಲಿ ಚಿತ್ರಾನ್ನ ತಿಂದು, ಹುಲಿಯ ಕಡೆ ಹೊರಟಾಗ ಎರಡು ಗಂಟೆ.

ಹುಲಿಯ ಆವರಣ ಇಲ್ಲಿ ಎಲ್ಲಕ್ಕಿಂತ ದೊಡ್ಡದು. ಮುಂದೆ ಕಂದಕ, ಎರಡು ಪಕ್ಕಕ್ಕೆ ಎತ್ತರದ ಜಾಲರಿ, ನಡುವೆ ನೀರಿನ ಕೊಳ. ಹೆಣ್ಣು ಕೊಳಕ್ಕೆ ಇಳಿಯುತ್ತಿತ್ತು. ಹಿಂದುಮುಂದಾಗಿ ತಿರುಗಿ ಮೊದಲು ಹಿಂಗಾಲು, ಆಮೇಲೆ ಮೈ, ಕೊನೆಗೆ ಕತ್ತಿನವರೆಗೆ ನೀರು. ಮುಖ ನಮ್ಮ ಕಡೆಗೇ ಇತ್ತು. ಕಾಡಿನ ಕೆರೆಗೆ ಇಳಿಯುವ ಹುಲಿಯೂ ಹೀಗೇ ಬೆನ್ನು ಮೊದಲು ಇಳಿಯುವುದುಂಟು. ಕಣ್ಣಿಗೆ ಫೋಕಸ್ ಇಟ್ಟೆ. ಪಾಪೆ ದುಂಡಗೆ, ಮನೆಯ ಬೆಕ್ಕಿನದರಂತೆ ಗೀಟಲ್ಲ. ತಲೆ ತಿರುಗಿಸಿದಾಗ ಕಪ್ಪು ಕಿವಿಯ ಹಿಂಬದಿಯಲ್ಲಿ ಅಗಲವಾದ ಬಿಳಿ ಬೊಟ್ಟು. ಹಿಂದಿನಿಂದ ಬರುವವರಿಗೆ ಕಣ್ಣಿನಂತೆ ಕಂಡು ಹೆದರಲೆಂದು ಕೆಲವರು, ಮರಿಗಳು ತಾಯಿಯ ಹಿಂದೆ ಹುಲ್ಲಿನಲ್ಲಿ ನಡೆಯಲೆಂದು ಕೆಲವರು. ಇನ್ನೂ ತೀರ್ಮಾನವಾಗದ ಮಾತು.

ಗಂಡು ಪಕ್ಕದ ಜಾಲರಿಯ ಗುಂಟ ಶತಪಥ ಹಾಕುತ್ತಿತ್ತು. ಬೇಲಿಯ ಮೂಲೆಯಿಂದ ನೀರಿನ ತೊಟ್ಟಿಯವರೆಗೆ, ಅಲ್ಲಿಂದ ಮತ್ತೆ ಮೂಲೆಗೆ. ಅದು ನಡೆದಲ್ಲಿ ಹುಲ್ಲಿಲ್ಲ. ಕೆಮ್ಮಣ್ಣಿನ ಒಂದು ಗೀಟು ಬಿದ್ದಿದೆ, ತಿರುಗುವ ಜಾಗದಲ್ಲಿ ಗೀಟು ಕುಣಿಕೆಯಾಗಿದೆ. ಪ್ರತಿ ಸಲವೂ ತಿರುಗುವಾಗ ಅದೇ ಮುಂಗಾಲು, ಅದೇ ಕಲ್ಲಿನ ಮೇಲೆ. ಫೋಟೊ ತೆಗೆಯುವವನಿಗೆ ಇದಕ್ಕಿಂತ ಸುಲಭದ್ದು ಬೇರಿಲ್ಲ. ಆ ಕಲ್ಲಿಗೆ ಫೋಕಸ್ ಇಟ್ಟು ಕಾದರೆ ಸಾಕು, ಹುಲಿ ತಾನೇ ಬಂದು ಚೌಕಟ್ಟಿನಲ್ಲಿ ಕಾಲಿಡುತ್ತದೆ. ದಿನದ ಅತ್ಯಂತ ಚೂಪಾದ ಚಿತ್ರಗಳು ನನಗೆ ಸಿಕ್ಕಿದ್ದು ಇಲ್ಲೇ. ಎದೆಯೆತ್ತಿ, ಒಂದು ಪಾದ ಗಾಳಿಯಲ್ಲಿ, ಕಣ್ಣು ನೇರ. ತನ್ನ ಕಾಡನ್ನು ಕಾಯುತ್ತ ಬರುವ ಹುಲಿ ಎಂದೇ ಯಾರಾದರೂ ಹೇಳಬೇಕು. ಅದರ ಬೇಸರವೋ ಚಡಪಡಿಕೆಯೋ ನನ್ನ ಅನುಕೂಲವಾಗಿತ್ತು. ತೆಗೆಯುವುದನ್ನು ನಿಲ್ಲಿಸಲಿಲ್ಲ ಎಂಬುದನ್ನೂ ಬರೆಯಬೇಕು.

ದೊಡ್ಡ ವ್ಯಾಪ್ತಿಯಲ್ಲಿ ಅಲೆಯುವ ಮಾಂಸಾಹಾರಿಗಳೇ ಬಂಧನದಲ್ಲಿ ಹೀಗೆ ಹೆಚ್ಚು ತಿರುಗುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆಳಿಗ್ಗೆಯ ಪ್ರಾಣಿಪಾಲಕರು ಅತ್ತ ಬಂದಾಗ ಕೇಳಿದೆ.

"ನಾಲ್ಕಕ್ಕೆ ಊಟ ಅಲ್ವಾ ಸಾರ್, ಆ ಬಾಗಿಲ ಕಡೆ ನೋಡ್ಕೊಂಡು ತಿರುಗ್ತಾನೆ."

"ಇನ್ನೂ ಎರಡೂವರೆ."

"ಹೊಟ್ಟೆಗೆ ಗಡಿಯಾರ ಬೇಕಾ?" ನಕ್ಕರು. ವಾರದಲ್ಲಿ ಆರು ದಿನ ಊಟ, ಮೃಗಾಲಯಕ್ಕೆ ರಜೆ ಇರುವ ದಿನ ಹುಲಿಗೆ ಉಪವಾಸ. ಒಂದೊಂದಕ್ಕೂ ಎಂಟು ಹತ್ತು ಕೆ.ಜಿ. ಮಾಂಸ. ಬಾಗಿಲ ಕಡೆ ನೋಡುತ್ತಿತ್ತು ಎಂಬುದು ನಿಜವೇ. ಬೆಳಿಗ್ಗೆ ಹೊಟ್ಟೆ ತುಂಬಿದ್ದಾಗಲೂ ತಿರುಗುತ್ತದೆಯೇ ಎಂದು ನೋಡಲು ನಾನು ಬೆಳಿಗ್ಗೆ ಇಲ್ಲಿರಲಿಲ್ಲ. ಆ ಕೆಮ್ಮಣ್ಣಿನ ಗೀಟು ಮಾತ್ರ ಊಟದ ಮುಂಚಿನ ಒಂದೆರಡು ಗಂಟೆಯಲ್ಲಿ ಬೀಳುವಷ್ಟು ತೆಳ್ಳಗಿರಲಿಲ್ಲ.

ಹೋಗುವಾಗ ಎಡ ಮಗ್ಗುಲು, ಬರುವಾಗ ಬಲ ಮಗ್ಗುಲು. ಎರಡನ್ನೂ ತೆಗೆದುಕೊಂಡೆ. ಹುಲಿಯ ಪಟ್ಟೆ ಒಂದರಂತೆ ಇನ್ನೊಂದರದಿಲ್ಲ, ಒಂದೇ ಹುಲಿಯ ಎರಡು ಮಗ್ಗುಲೂ ಒಂದೇ ಥರ ಇರುವುದಿಲ್ಲ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಹುಲಿ ಎಣಿಸುವ ಹೊಸ ಕ್ರಮ ರೂಪುಗೊಂಡದ್ದೇ ಇದರ ಮೇಲೆ; ಕಾಡಿನ ಹಾದಿಯ ಎರಡೂ ಬದಿಗೆ ಎದುರುಬದುರು ಕ್ಯಾಮೆರಾ ಕಟ್ಟುತ್ತಾರೆ, ಎರಡು ಮಗ್ಗುಲೂ ಒಟ್ಟಿಗೆ ಸಿಗಲೆಂದು. 2022ರ ಗಣತಿಯಲ್ಲಿ ಹೀಗೆ ದೇಶದಾದ್ಯಂತ 3,080 ಬೇರೆ ಬೇರೆ ಹುಲಿಗಳ ಫೋಟೊ ಸಿಕ್ಕಿತು. ಅದರ ಆಧಾರದ ಮೇಲೆ ಒಟ್ಟು 3,682 ಎಂದು ಅಂದಾಜು, ಕರ್ನಾಟಕದಲ್ಲಿ 563. ಆ ಕ್ಯಾಮೆರಾಗಳ ಚಿತ್ರಗಳಲ್ಲಿ ಭಂಗಿಯಿಲ್ಲ, ಬೆಳಕಿನ ಸೊಗಸಿಲ್ಲ, ತಲೆ ತುಂಡಾಗಿರುವುದೂ ಉಂಟು. ಆದರೆ ಯಾವ ಹುಲಿ, ಯಾವ ದಿನ, ಯಾವ ಜಾಗ ಎಂದು ಹೇಳುತ್ತವೆ. ನಮ್ಮ ಚೆಂದದ ಚಿತ್ರಗಳು ಹೆಚ್ಚಾಗಿ ಮುಚ್ಚಿಡುವುದು ಇದನ್ನೇ. ಸ್ಪರ್ಧೆಗಳ ವನ್ಯಜೀವಿ ವಿಭಾಗಕ್ಕೆ ಮೃಗಾಲಯದ ಪ್ರಾಣಿಗಳ ಚಿತ್ರ ಕಳಿಸುವಂತಿಲ್ಲ ಎಂಬ ನಿಯಮವಿದೆ; ವಾಟ್ಸಾಪಿಗೆ ಅಂಥ ನಿಯಮವಿಲ್ಲ. ಆವರಣದ ಬಿದಿರು ಮೆಳೆ ಹಿಂದೆ ಬಂದರೆ ಸಾಕು, ಹುಲಿ ನಾಗರಹೊಳೆಯದಾಗಿಬಿಡುತ್ತದೆ.

ನಾಲ್ಕಾಗುತ್ತ ಬಂದಂತೆ ಹಿಂದಿನ ಕಟ್ಟಡದಲ್ಲಿ ಕಬ್ಬಿಣದ ಸದ್ದು. ಲೆನ್ಸನ್ನು 70ಕ್ಕೆ ಎಳೆದುಕೊಂಡೆ. ಗೋಡೆ, ಮೇಲಕ್ಕೆ ಎತ್ತುವ ಬಾಗಿಲು, ಅದರ ಸರಪಣಿ, ಪಕ್ಕದ ಜಾಲರಿ, ಕೆಮ್ಮಣ್ಣಿನ ಗೀಟು, ಬಾಗಿಲಿಗೆ ಮೂಗು ಒತ್ತಿ ನಿಂತ ಗಂಡು, ನೀರು ಸೋರಿಸುತ್ತ ಹಿಂದೆ ಬಂದ ಹೆಣ್ಣು, ಎಲ್ಲ ಒಂದೇ ಚೌಕಟ್ಟಿನಲ್ಲಿ. ಒಳಗಿನಿಂದ ಹೆಸರು ಹಿಡಿದು ಕರೆದರು. ಬಾಗಿಲು ಎದ್ದಿತು, ಎರಡೂ ಒಳಗೆ ಹೋದವು, ಬಾಗಿಲು ಬಿತ್ತು. ಇಷ್ಟು ಅಗಲದ ಚೌಕಟ್ಟಿನಲ್ಲಿ ಹುಲಿ ಸಣ್ಣದು, ಹಿಂಬದಿ ಮಾತ್ರ, ಸೂರ್ಯ ಎದುರಿಗೆ ಇದ್ದದ್ದರಿಂದ ಅರ್ಧ ಚಿತ್ರ ಬೆಳ್ಳಗಾಗಿದೆ. ಇದನ್ನು ಯಾರೂ ಮೆಚ್ಚಲಾರರು. ನಾನು ಇಟ್ಟುಕೊಂಡಿದ್ದೇನೆ, ಎಲ್ಲಿ ತೆಗೆದದ್ದೆಂದು ಯಾರೂ ಕೇಳಬೇಕಾಗದ ಚಿತ್ರ ಇದೊಂದೇ.

ಹೋಗುವವರಿಗೆ ಒಂದು ಮಾತು. ಹುಲಿಯ ಮುಂದೆ ನಿಂತವರ ಮುಖ ಪಶ್ಚಿಮಕ್ಕೆ. ಬೆಳಿಗ್ಗೆ ಬೆಳಕು ಬೆನ್ನ ಹಿಂದೆ, ಮಧ್ಯಾಹ್ನದ ಮೇಲೆ ಕಣ್ಣಿಗೇ. ನೆಲದ ಬಾಣವನ್ನು ನಂಬಿ ನಡೆದರೆ ಹುಲಿ ಸಿಗುವುದು ಕೆಟ್ಟ ಬೆಳಕಿನಲ್ಲಿ. ಗೇಟು ತೆರೆದ ಕೂಡಲೇ ಎದುರು ದಿಕ್ಕಿನಲ್ಲಿ ಹೋಗಿ ಹುಲಿಯಿಂದ ಶುರು ಮಾಡಿ, ಚಿರತೆಗಳನ್ನು ಕೊನೆಗೆ ಇಟ್ಟುಕೊಳ್ಳಿ. ಚಿರತೆಯ ಜಾಲರಿಗೆ ಮರದ ನೆರಳಿದೆ, ಯಾವಾಗ ಹೋದರೂ ನಡೆಯುತ್ತದೆ. ದಾರಿಯಲ್ಲಿ ಕಾವಲಿನವರು ತಡೆದು "ಆ ಕಡೆಯಿಂದ ಬನ್ನಿ" ಎಂದಾರು. ಕ್ಯಾಮೆರಾದ ಚೀಟಿ ತೋರಿಸಿದರೆ ಬಿಟ್ಟರೂ ಬಿಡಬಹುದು.